ಭತ್ತದ ದೇವರ ಕೈ ಹಿಡಿದವನು

ಜಪಾನಿನ ಒಂದು ಹಳ್ಳಿಯಲ್ಲಿ ಭತ್ತದ ದೇವರಿಗೆಂದು ಕಟ್ಟಿದ ಪುಟ್ಟ ಶಿಂಟೊ ಗುಡಿ. ಆ ದೇವರಿಗೆ ಕಣ್ಣು ಕಾಣದು. ಪೈರಿನ ನಡುವೆ ನಿಂತು ಅದನ್ನು ಕಾದೂ ಕಾದೂ, ತೆನೆಯ ಮುಳ್ಳು ಚುಚ್ಚಿ ಕಣ್ಣು ಹೋದವಂತೆ. ಅದಕ್ಕೇ ಕೊಯ್ಲು ಮುಗಿದ ದಿನ ಅರ್ಚಕರು ಗದ್ದೆಗೆ ಹೋಗಿ, ದೇವರ ಕೈ ಹಿಡಿದು, ದಾರಿ ಹೇಳುತ್ತಾ ಗುಡಿಗೆ ಕರೆತರಬೇಕು.

ಆ ವರ್ಷ ಮುದಿ ಅರ್ಚಕ ತೊಕುಜಿಯವರಿಗೆ ಮಂಡಿ ಕೈಕೊಟ್ಟಿತ್ತು. ಶಿಷ್ಯ ಯಸುಹೇಯನ್ನು ಕರೆದರು.

"ನೀನು ಹೋಗು. ಸರಿಯಾಗಿ ಕರೆತಂದರೆ ಗುಡಿ ಇನ್ನು ನಿನ್ನದು. ಇಲ್ಲದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ."

ಒಂಬತ್ತು ವರ್ಷದಿಂದ ಈ ಮಾತಿಗೇ ಕಾದಿದ್ದವನು ಯಸುಹೇ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾ, ದಾಪುಗಾಲು ಹಾಕಿಕೊಂಡು, ಹೋದಷ್ಟೇ ಬೇಗ ಬಂದ.

"ಒಬ್ಬನೇ ಬಂದೆಯಾ?" ಗುರುಗಳು ಕೇಳಿದರು.

"ದೇವರನ್ನು ಕರೆತಂದೆನಲ್ಲ, ಗುರುಗಳೇ."

"ಕಾಲುವೆ ದಾಟುವ ಹಲಗೆ ಜಾರುತ್ತದೆ ಅಂತ ಅವರಿಗೆ ಹೇಳಿದೆಯಾ?"

"ಅಷ್ಟೂ ದೇವರಿಗೆ ಗೊತ್ತಿಲ್ಲವೇ?"

"ಕಣ್ಣಿಲ್ಲದವರು. ಪಾಪ, ಗದ್ದೆಯಲ್ಲೇ ನಿಂತಿದ್ದಾರೆ. ಹೋಗು."

ಗುಡಿಯಲ್ಲಿ ಊರವರು ಬಟ್ಟಲು ಮುಂದಿಟ್ಟುಕೊಂಡು, ದೇವರು ಬಂದ ಮೇಲಿನ ಹಬ್ಬದ ಊಟಕ್ಕೆ ಕಾಯುತ್ತಿದ್ದರು. ಯಾರೋ ಕಿಸಕ್ಕೆಂದರು. ಯಸುಹೇಗೆ ಅವಮಾನವಾಯಿತು, ಸಿಟ್ಟೂ ಬಂತು. ಆದರೂ ಹೋದ. ಅಷ್ಟರಲ್ಲಿ ಮಳೆ ಹಿಡಿಯಿತು.

ಖಾಲಿ ಗದ್ದೆಯ ಬದುವಿನಲ್ಲಿ ನಿಂತು ಎಡಗೈ ಚಾಚಿದ. ಪ್ರಾರ್ಥನೆ ಬಾಯಿಗೆ ಬರಲಿಲ್ಲ.

"ಬನ್ನಿ," ಎಂದ. "ಬದು ಇಲ್ಲಿ ಕಿರಿದು. ನನ್ನ ಹಿಂದೆಯೇ ಹೆಜ್ಜೆ ಇಡಿ."

ಹತ್ತು ಹೆಜ್ಜೆ ನಡೆದು ನಿಂತ. "ಸುಸ್ತಾಯಿತೇ? ಸ್ವಲ್ಪ ನಿಲ್ಲೋಣ."

ಗಾಳಿಯ ಜೊತೆ ಮಾತಾಡುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆದರೆ ಕೊಯ್ದ ಗದ್ದೆಗಳು ಉದ್ದಕ್ಕೂ ಕಾಣುತ್ತಿದ್ದವು. ಇಷ್ಟನ್ನೂ ಕಾಯುತ್ತಾ ಕಣ್ಣು ಕಳೆದುಕೊಂಡವರನ್ನು ಬಿಟ್ಟು ಓಡಿಬಂದಿದ್ದೆನಲ್ಲ ಎಂದು ಅವನಿಗೆ ಸಂಕಟವಾಯಿತು.

ಕಾಲುವೆಯ ಹಲಗೆಯ ಮೇಲೆ "ಇಲ್ಲಿ ಜಾರುತ್ತದೆ, ನಿಧಾನ" ಎನ್ನುವಷ್ಟರಲ್ಲಿ ತಾನೇ ಜಾರಿ ಬಿದ್ದ.

ಗುಡಿ ತಲುಪಿದಾಗ ಕತ್ತಲಾಗುತ್ತಾ ಬಂದಿತ್ತು. ಯಸುಹೇಯ ಮೈಯೆಲ್ಲ ಕೆಸರು, ಗದ್ದದ ಮೇಲೆ ಗಾಯ. ಎಡಗೈಗೆ ಮಾತ್ರ ಕೆಸರು ಸೋಕಿರಲಿಲ್ಲ.

ಗುರುಗಳು ಆ ಕೈಯನ್ನು ನೋಡಿದರು. "ಬೀಳುವಾಗ ಎರಡೂ ಕೈ ಊರಬಾರದಿತ್ತೇ?"

"ಊರಿದ್ದರೆ ಅವರೂ ಬೀಳುತ್ತಿದ್ದರು."

ಗುರುಗಳು ಕಷ್ಟಪಟ್ಟು ಎದ್ದು, ಬಾಗಿಲಿನಿಂದ ಪಕ್ಕಕ್ಕೆ ಸರಿದರು.

"ಇಬ್ಬರೂ ಒಳಗೆ ಬನ್ನಿ. ಹೊಸಿಲು ಎತ್ತರವಿದೆ, ಅವರಿಗೆ ಹೇಳು."