ಬೂದುಗುಂಬಳದ ಮೇಲೆ ನಾನೂರು ಕುದುರೆ

ಚಿಂತಾಮಣಿಯ ಟೊಮೆಟೊ ಮಂಡಿಯ ಮಾಲೀಕ ಕದಿರೇಶ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದ. ನಾನೂರು ಕುದುರೆಗಳ ಶಕ್ತಿ. ಅಷ್ಟೂ ಹಿಂದಿನ ಎರಡೇ ಚಕ್ರಗಳಿಗೆ. ಪೇಟೆಯ ಎಮ್ಮೆಗಳು ಯಾರನ್ನೂ ವೇಗವಾಗಿ ಹೋಗಲು ಬಿಡುತ್ತಿರಲಿಲ್ಲ. ಆದರೂ ಶಕ್ತಿ ಇದ್ದರೆ ಒಳ್ಳೆಯದೆಂದು ಅವನ ನಂಬಿಕೆ.

ಆಯುಧಪೂಜೆ ಬಂತು. ನೂರು ಕುದುರೆಗೆ ಒಂದರಂತೆ ನಾಲ್ಕು ಬೂದುಗುಂಬಳಕಾಯಿ ನಿವಾಳಿಸಿ, ಕಾರಿನ ಸುತ್ತಲೂ ಒಡೆಸಿದ. ಇಡೀ ಮಂಡಿ ನೋಡುತ್ತಿತ್ತು. ಗುಡಿಗೆ ಹೊರಡಲೆಂದು ಕದಿರೇಶ ಕಾರಲ್ಲಿ ಕೂತು ಆಕ್ಸಿಲರೇಟರ್ ಪೂರ್ತಿ ತುಳಿದ.

ಕಾರು ಗರ್ಜಿಸಿತು. ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. ತಿರುಳು ಬೀಜ ಎಲ್ಲರ ಬಿಳಿ ಅಂಗಿಗಳ ಮೇಲೆ ಹಾರಿತು. ಬಾಲ ಸರ್ರನೆ ಪಕ್ಕಕ್ಕೆ ಜಾರಿ, ಕಾರು ಹಿಂದುಮುಂದಾಗಿ ನಿಂತಿತು.

ತಾಯಿ ಚೌಡಮ್ಮ ಕೆನ್ನೆಯ ಬೀಜ ಒರೆಸಿಕೊಂಡರು. "ಲೋ, ಗುಡಿ ಆ ಕಡೆ. ನನ್ನನ್ನ ಕೂರಿಸ್ಕೊಂಡು ಗುಡಿವರೆಗೂ ನೆಟ್ಟಗೆ ಹೋದ್ರೆ ಕಾರು ಇಟ್ಕೋ. ಇನ್ನೊಂದ್ಸಲ ಹಿಂಗೆ ತಿರುಗ್ತೋ, ನಾಳೇನೇ ಮಾರ್ಬಿಡು."

ಆ ಮನೆಯಲ್ಲಿ ಚೌಡಮ್ಮನ ಮಾತಿಗೆ ಮೇಲ್ಮನವಿ ಇರಲಿಲ್ಲ. ಕದಿರೇಶ ಲಾರಿ ಡ್ರೈವರ್ ಅಂಜಿನಪ್ಪನನ್ನು ಪಕ್ಕಕ್ಕೆ ಕರೆದ.

"ಅಂಜಿನಪ್ಪಣ್ಣ, ಟಯರ್ ಸರಿಯಿಲ್ವಾ?"

"ಟಯರ್ ಸರಿಯಾಗೈತೆ ಸಾಮಿ, ನಿಮ್ಮ ಕಾಲೇ ಭಾರ. ಟಯರಿಗೆ ಇರೋದು ಒಂದೇ ಹಿಡಿತ. ಮುಂದಕ್ಕೆ ತಳ್ಳೋದೂ ಅದ್ರಲ್ಲೇ, ಪಕ್ಕಕ್ಕೆ ಜಾರದೆ ನಿಲ್ಲೋದೂ ಅದ್ರಲ್ಲೇ. ನೀವು ಎಲ್ಲಾನೂ ತಳ್ಳೋಕೇ ಕೇಳಿದ್ರಿ. ಸಾಲ್ದೆ ನೆಲಾನೇ ಬಿಟ್ಬಿಡ್ತು."

"ನಿನ್ನ ಲಾರಿ ಕೆಸರಲ್ಲೂ ಹೋಗುತ್ತಲ್ಲ?"

"ಅದರ ಹಿಂದಿನ ಚಕ್ರದ ಮೇಲೆ ಐದು ಟನ್ ಟೊಮೆಟೊ ಕೂತಿರುತ್ತೆ. ನಿಮ್ಮದ್ರ ಮೇಲೇನೈತೆ, ಸ್ಟಿಕರ್ರು! ಸೆಕೆಂಡ್ ಗೇರ್ ಹಾಕಿ ಮೆಲ್ಲಗೆ ಒತ್ತಿ. ಜಾರಿದ್ರೆ ಕಾಲು ಸಡಿಲ ಬಿಡಿ."

ಹಮಾಲರು ಕಾರನ್ನು ತಳ್ಳಿ ಗುಡಿಯ ಕಡೆಗೆ ತಿರುಗಿಸಿದರು. ಚೌಡಮ್ಮ ಪಕ್ಕದಲ್ಲಿ ಕೂತರು. "ಎಳೀಯಣ್ಣಾ, ಎಳಿ!" ಎಂದು ಹಮಾಲರು ಕೂಗಿದರು. ಕದಿರೇಶನ ಪಾದ ತುರಿಸಿತು. ಆದರೂ ಟೊಮೆಟೊ ಹಣ್ಣಾಗಿದೆಯೇ ಎಂದು ನೋಡುವವನಂತೆ ಪೆಡಲನ್ನು ಮೆತ್ತಗೆ ಒತ್ತಿದ. ಕಾರು ತಿರುಳಿನ ಮೇಲೆ ಒಮ್ಮೆ ಕೊಂಚ ಜಾರಿತು. ಕಾಲು ಸಡಿಲ ಬಿಟ್ಟ. ಚಕ್ರ ಮತ್ತೆ ನೆಲ ಹಿಡಿಯಿತು, ಕಾರು ನೆಟ್ಟಗಾಯಿತು. ಮುನ್ನೂರ ತೊಂಬತ್ತು ಕುದುರೆಗಳು ಹಬ್ಬದ ರಜೆ ಅನುಭವಿಸಿದವು; ಉಳಿದ ಹತ್ತು ಕೆಲಸ ಮಾಡಿದವು. ದಾರಿಯಲ್ಲಿ ಬಾಳೆಕಂದು ಕಟ್ಟಿದ ಆಟೊ ಮುಂದೆ ಹೋಯಿತು. ಒಂದು ಸೈಕಲ್ಲೂ ಬೆಲ್ ಹೊಡೆದು ಮುಂದೆ ಹೋಯಿತು. ಕದಿರೇಶ ನಗುತ್ತಲೇ ಇದ್ದ.

ಗುಡಿ ಬಂತು. ತಗ್ಗಿನ ಸೀಟಿನಿಂದ ಚೌಡಮ್ಮನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಸೀರೆ ಸರಿಮಾಡಿಕೊಂಡು ಅವರು ಹೇಳಿದರು: "ಕಾರು ನಿಂದೇ ಕಣೋ. ನಾಳೆ ನಿಮ್ಮ ದೊಡ್ಡಮ್ಮನ್ನೂ ಕೂರಿಸ್ಕೊಂಡ್ ಬಾ, ಅವಳೂ ಒಂದಿಷ್ಟು ಹೊಟ್ಟೆ ಉರ್ಕೊಳ್ಳಿ."

ನೀತಿ: ನೆಲ ಹಿಡಿಯಬಲ್ಲಷ್ಟೇ ಬಲ ಕೊಡಬೇಕು. ಮೀರಿ ಕೊಟ್ಟರೆ ಚಕ್ರ ತಿರುಗುತ್ತದೆ, ಗಾಡಿ ಸಾಗುವುದಿಲ್ಲ. ತುಳಿಯಲು ಎಲ್ಲರಿಗೂ ಬರುತ್ತದೆ. ಕಾಲು ಸಡಿಲಿಸಲು ಕಲಿತವನು ಊರು ಸೇರುತ್ತಾನೆ.