ಮುಟ್ಟದೆ ಇಟ್ಟ ಬ್ಯಾಟರಿ

ಹೊಳೆ ಕಡಲನ್ನು ಸೇರುವ ಕಡೆ ನೀರಿನ ನಡುವೆ ಒಂದು ಕುದ್ರು. ಆ ತುಂಡು ನೆಲದ ಮೇಲೆ ಒಂದು ಆಶ್ರಮ. ಹಂಚಿನ ಮಾಡು, ನಾಲ್ಕು ಕೋಣೆ, ಒಂದು ಬಾವಿ. ಬೇಸಿಗೆಯಲ್ಲಿ ಆ ಬಾವಿಯ ನೀರೂ ಉಪ್ಪುಪ್ಪು.

ಅಲ್ಲಿದ್ದ ಗುರುಗಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಗುರುಗಳು ಅಂದರೆ ಸಾಕಿತ್ತು. ಮಾತು ಕಡಿಮೆ. ಆಡಿದ ಮಾತಿಗೆ ಯಾರಾದರೂ ಅರ್ಥ ಕೇಳಿದರೆ ಎದ್ದು ಹೋಗಿ ಬಿಂದಿಗೆ ತೊಳೆಯುತ್ತಿದ್ದರು.

ಶಿಷ್ಯ ತಾರಾನಾಥ. ಎದುರು ದಡದ ಬಂದರಿನವನೇ. ಚಿಕ್ಕಂದಿನಲ್ಲೇ ತಬ್ಬಲಿಯಾದ ಅವನನ್ನು ಅಣ್ಣ ಸಂಜೀವ ಸಾಕಿದ್ದ. ಅತ್ತಿಗೆ ಗುಲಾಬಿ ಹೊಟ್ಟೆಯಲ್ಲಿ ಹುಟ್ಟಿದವನ ಹಾಗೆ ನೋಡಿಕೊಂಡಿದ್ದಳು.

ಆಶ್ರಮಕ್ಕೆ ಒಂದು ಇಂಜಿನ್ ದೋಣಿ ಇತ್ತು. ಮಳೆಗಾಲದಲ್ಲಿ ಅಳಿವೆಯ ನೀರು ಯಾರ ಮಾತನ್ನೂ ಕೇಳುವುದಿಲ್ಲ. ಆಗ ದೋಣಿಯನ್ನು ದಡಕ್ಕೆಳೆದು ಚಪ್ಪರದ ಅಡಿ ಇಡುವುದು, ಇಂಜಿನ್ನಿಗೆ ಟಾರ್ಪಾಲು ಹೊದಿಸುವುದು, ಬ್ಯಾಟರಿ ಬಿಚ್ಚಿ ಒಳಗೆ ತರುವುದು ಅಲ್ಲಿಯ ವಾಡಿಕೆ.

ಆ ವರ್ಷ ಗುರುಗಳು ಬ್ಯಾಟರಿಯನ್ನು ತಾರಾನಾಥನ ಮುಂದೆ ಇಟ್ಟರು.

"ಇದು ನಿನ್ನ ಪಾಲಿಗೆ."

"ಏನು ಮಾಡಬೇಕು ಗುರುಗಳೇ?"

"ಒರೆಸು. ಒಳಗಿನ ನೀರು ನೋಡು. ಹದಿನೈದು ದಿನಕ್ಕೊಮ್ಮೆ ಚಾರ್ಜಿಗೆ ಹಾಕು."

ತಾರಾನಾಥ ಒರೆಸಿದ. ಎರಡು ತುದಿಗೂ ವ್ಯಾಸಲೀನ್ ಸವರಿದ. ಬರೀ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂದು ಬಂದರಿನಲ್ಲಿ ಕೇಳಿದ್ದ. ಅದಕ್ಕೇ ಹಲಸಿನ ಹಲಗೆ ಹುಡುಕಿ ಅದರ ಮೇಲೆ ಕೂರಿಸಿದ. ಮೇಲೊಂದು ಕೆಂಪು ವಸ್ತ್ರ ಹೊದಿಸಿದ. ಆ ಆಶ್ರಮದಲ್ಲಿ ದೇವರಿಗೂ ಅಷ್ಟು ಉಪಚಾರ ಆಗಿರಲಿಕ್ಕಿಲ್ಲ.

ಒಳಗಿನ ನೀರು ಮಾತ್ರ ನೋಡಲಿಲ್ಲ, ಚಾರ್ಜಿಗೂ ಹಾಕಲಿಲ್ಲ. ಸೋಮಾರಿತನದಿಂದಲ್ಲ. ತುಂಬಿದ್ದನ್ನು ಮತ್ತೆ ತುಂಬುವುದು ಏಕೆ ಎಂಬುದು ಅವನ ಲೆಕ್ಕ.

ಆಷಾಢದಲ್ಲಿ ಒಮ್ಮೆ ಗುರುಗಳು ಕೇಳಿದರು.

"ಬ್ಯಾಟರಿ ಚಾರ್ಜಿಗೆ ಹಾಕಿದೆಯಾ?"

"ತುಂಬಿಯೇ ಒಳಗೆ ತಂದದ್ದು ಗುರುಗಳೇ. ಯಾರೂ ಬಳಸುತ್ತಿಲ್ಲ. ಖರ್ಚಾಗುವುದು ಎಲ್ಲಿಂದ?"

ಗುರುಗಳು ಅವನ ಮುಖ ನೋಡಿದರು. ಮತ್ತೆ ಎದ್ದು ಬಿಂದಿಗೆ ತೊಳೆಯಲು ಹೋದರು.

ತಾರಾನಾಥನಿಗೆ ಒಂದು ಅಭ್ಯಾಸವಿತ್ತು. ದಿನಾ ಕತ್ತಲಾಗುವ ಹೊತ್ತಿಗೆ ಕುದ್ರುವಿನ ಕೊನೆಗೆ ಹೋಗಿ ನಿಲ್ಲುತ್ತಿದ್ದ. ಎದುರು ದಡದಲ್ಲಿ ದೋಣಿಗಳು ಬಂದು ನಿಲ್ಲುವ ದಕ್ಕೆ. ದಕ್ಕೆಯ ಮೂಲೆಯಲ್ಲಿ ಅಣ್ಣನ ಬಲೆ-ಹಗ್ಗದ ಅಂಗಡಿ. ಅಂಗಡಿಯ ಮುಂದೆ ಒಂದು ದೀಪ.

ದೀಪ ಕಂಡರೆ ಕೈ ಮುಗಿಯುತ್ತಿದ್ದ. ಅಣ್ಣ ಇದ್ದಾನೆ, ಚೆನ್ನಾಗಿದ್ದಾನೆ ಎಂದುಕೊಂಡು ಒಳಗೆ ಬರುತ್ತಿದ್ದ. ಅಲ್ಲಿಗೆ ಅವನ ಬಾಂಧವ್ಯ ಮುಗಿಯಿತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ದೂರದ ದೀಪವೂ ಅಷ್ಟೇ.

ದೋಣಿಯಲ್ಲಿ ಹೋದರೆ ಒಂದು ಎಲೆ ಅಡಿಕೆ ಹಾಕಿ ಮುಗಿಸುವಷ್ಟು ದೂರ. ಆದರೂ ಅವನು ಎರಡು ವರ್ಷದಿಂದ ಆ ದಡಕ್ಕೆ ಹೋಗಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಎರಡು ವರ್ಷದ ಹಿಂದೆ, ಸುರಿಯುವ ಶ್ರಾವಣದಲ್ಲಿ ಗುಲಾಬಿ ತೀರಿಕೊಂಡಳು. ಅಕ್ಕಿ ತರುವ ದೋಣಿಯವ ಬಂದು ಸುದ್ದಿ ಹೇಳಿದ. ಗುರುಗಳಿಗೆ ಅದು ಚಾತುರ್ಮಾಸ್ಯ. ಆ ಕಾಲದಲ್ಲಿ ಸಂನ್ಯಾಸಿ ಹೊಳೆ ದಾಟುವಂತಿಲ್ಲ.

"ಹೋಗಿ ಬಾ," ಎಂದಿದ್ದರು ಗುರುಗಳು. "ವ್ರತ ನನ್ನದು. ನಿನ್ನದಲ್ಲ."

"ನಿಮ್ಮ ಜತೆ ನಾನೂ ಹಿಡಿದಿದ್ದೇನೆ ಗುರುಗಳೇ. ಮುರಿಯುವುದಿಲ್ಲ."

ಗುರುಗಳಿಗಿಂತ ಒಂದು ಕೈ ಮೇಲಾಗುವ ಶಿಷ್ಯರು ಎಲ್ಲ ಕಾಲದಲ್ಲೂ ಇರುತ್ತಾರೆ. ತಾರಾನಾಥ ಹೋಗಲಿಲ್ಲ. ಅತ್ತಿಗೆಯ ಚಿತೆಯ ಹೊಗೆ ಕೂಡ ಆ ಮಳೆಯಲ್ಲಿ ಅವನಿಗೆ ಕಾಣಲಿಲ್ಲ.

ವ್ರತ ಮುಗಿದ ಮೇಲೆ ಹೋಗಬಹುದಿತ್ತು. ನಾಚಿಕೆ ಅಡ್ಡ ಬಂತು. ಆಮೇಲೆ ನಾಚಿಕೆಯೂ ಹೋಯಿತು. ಒಡಹುಟ್ಟಿದವನು, ಎಲ್ಲಿ ಹೋಗುತ್ತಾನೆ, ಯಾವಾಗ ಹೋದರೂ ಅಣ್ಣ ಅಣ್ಣನೇ ಎಂಬ ಧೈರ್ಯ ಉಳಿಯಿತು.

ಬ್ಯಾಟರಿ ಅವನ ಪಾಲಿಗೆ ಬಂದ ವರ್ಷದ ಮಳೆ ಮುಗಿಯುತ್ತಾ ಬಂತು. ಒಂದು ಸಂಜೆ ದಕ್ಕೆಯ ದೀಪ ಕಾಣಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡ. ಪಕ್ಕದ ದೀಪಗಳೆಲ್ಲ ಉರಿಯುತ್ತಿದ್ದವು. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಆ ರಾತ್ರಿ ತಾರಾನಾಥ ಮಲಗಲಿಲ್ಲ. ಬೆಳಗಾಗುವುದನ್ನೇ ಕಾದು ಗುರುಗಳ ಬಳಿಗೆ ಓಡಿದ.

"ಅಣ್ಣನ ಅಂಗಡಿಯ ದೀಪ ಇಲ್ಲ ಗುರುಗಳೇ. ಏನೋ ಆಗಿದೆ. ದೋಣಿ ಇಳಿಸುತ್ತೇನೆ."

"ಇಳಿಸು."

ದೋಣಿ ನೀರಿಗಿಳಿಯಿತು. ಕೆಂಪು ವಸ್ತ್ರ ತೆಗೆದು ಬ್ಯಾಟರಿ ಹೊತ್ತು ತಂದ. ಒಂದು ಕಲೆ ಇಲ್ಲ, ಧೂಳಿಲ್ಲ, ಹೊಸ ಮದುಮಗನ ಹಾಗಿತ್ತು. ವಯರು ಬಿಗಿದು ಸೆಲ್ಫ್ ಹಾಕಿದ.

ಟಿಕ್ ಎಂದಿತು. ಮತ್ತೆ ಹಾಕಿದ. ಆಮೇಲೆ ಟಿಕ್ ಎನ್ನುವುದೂ ನಿಂತಿತು.

ಗುರುಗಳು ಬಂದು ದಡದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಇದನ್ನು ಯಾರೂ ಮುಟ್ಟಿಲ್ಲ ಗುರುಗಳೇ," ಎಂದ ತಾರಾನಾಥ. ಅಳು ಬರುವಂತಿತ್ತು. "ಆಣೆ ಮಾಡಿ ಹೇಳುತ್ತೇನೆ. ಒಂದು ದಿನವೂ ಯಾರೂ ಬಳಸಿಲ್ಲ."

"ನಂಬಿದೆ."

"ಹಾಗಾದರೆ ಖಾಲಿಯಾದದ್ದು ಹೇಗೆ?"

"ಕೂತಲ್ಲೇ."

"ತುಂಬಿತ್ತಲ್ಲ!"

"ತುಂಬಿತ್ತು. ಇದು ಇಳಿಯುವುದಕ್ಕೆ ತೂತು ಬೇಡ."

ಗುರುಗಳು ಬ್ಯಾಟರಿಯ ಬಿರಡೆ ಬಿಚ್ಚಿ ಬೆಳಕಿಗೆ ಓರೆ ಮಾಡಿದರು. ತಾರಾನಾಥ ಇಣುಕಿದ. ಒಳಗಿನ ಸೀಸದ ತಗಡುಗಳ ಮೇಲೆ ಬಿಳಿ ಹುಡಿ ಕಟ್ಟಿತ್ತು.

"ಹೊರಗೆ ಏನೂ ಕಾಣಲೇ ಇಲ್ಲ ಗುರುಗಳೇ. ದಿನಾ ನೋಡುತ್ತಿದ್ದೆ."

"ನೋಡಿದರೆ ಕಾಣುವುದಿಲ್ಲ. ತುಂಬಿದ್ದಾಗಲೂ ಅದೇ ಮುಖ, ಸತ್ತಾಗಲೂ ಅದೇ ಮುಖ."

 ತಾರಾನಾಥ ಬಾವಿಯ ಪಕ್ಕ ಕವುಚಿ ಹಾಕಿದ್ದ ಚಿಕ್ಕ ದೋಣಿಯನ್ನು ನೀರಿಗೆ ನೂಕಿ ಹುಟ್ಟು ಹಾಕುತ್ತಾ ಹೋದ. ಮೋಡ ಇನ್ನೂ ತಲೆಯ ಮೇಲೆಯೇ ಇತ್ತು. ಅಂಗೈಯ ಚರ್ಮ ಎದ್ದಿತು. ಅಣ್ಣ ಬದುಕಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಹರಕೆ ಹೊತ್ತ.

ದಕ್ಕೆಯ ಮೂಲೆಯ ಅಂಗಡಿಗೆ ಬೀಗ. ಪಕ್ಕದಲ್ಲಿ ಒಬ್ಬ ಆಳು ಐಸಿನ ಪೆಟ್ಟಿಗೆ ತೊಳೆಯುತ್ತಿದ್ದ.

"ಸಂಜೀವಣ್ಣ ಎಲ್ಲಿ? ಅವರಿಗೆ ಎಂತ ಆಯ್ತು?"

"ಅವ್ರಿಗೆ ಎಂತ ಆಗ್ಲಿಕ್ಕೆ? ಪೇಟೆಯಲ್ಲಿ ಅಂಗಡಿಯಲ್ಲಿದ್ದಾರೆ."

"ಅಂಗಡಿ ಇದಲ್ವಾ?"

"ಇದಾ? ಯಾವ ಕಾಲದ ಮಾತು ಮಾರಾಯ್ರೆ! ಗುಲಾಬಕ್ಕ ಹೋದ ಮೇಲೆ ಅವ್ರು ಇಲ್ಲಿ ಕೂರ್ಲೇ ಇಲ್ಲ. ಆ ವರ್ಷವೇ ಬಿಟ್ರು. ಈಗ ಇದು ನಮ್ಮ ಐಸಿನ ಗೋದಾಮು."

"ಈ ದೀಪ?"

"ನಮ್ಮದೇ. ಬಲ್ಬು ಹೋಗಿದೆ. ಹಾಕ್ಬೇಕು."

ಎರಡು ವರ್ಷ ಅವನು ಕೈ ಮುಗಿದದ್ದು ಐಸಿನವರ ಬಲ್ಬಿಗೆ. ಬೇರೆ ಯಾರದಾದರೂ ಕತೆಯಾಗಿದ್ದರೆ ತಾರಾನಾಥನೇ ನಗುತ್ತಿದ್ದನೇನೋ.

ಪೇಟೆಯ ಅಂಗಡಿಯಲ್ಲಿ ಸಂಜೀವ ಹಗ್ಗ ಅಳೆಯುತ್ತಿದ್ದ. ತಲೆ ಎತ್ತಿ ತಮ್ಮನನ್ನು ಕಂಡ. ಕಂಡವನೇ ಎದ್ದು ನಿಂತ.

"ಬನ್ನಿ ಬನ್ನಿ. ಕೂತ್ಕೊಳ್ಳಿ. ಆಶ್ರಮದಲ್ಲಿ ಎಲ್ಲ ಸೌಖ್ಯವಾ? ಗುರುಗಳು ಹೇಗಿದ್ದಾರೆ?"

ತಾರಾನಾಥ ಹೊಸ್ತಿಲಲ್ಲೇ ನಿಂತ. ಈ ಅಣ್ಣ ಅವನನ್ನು ಏಯ್ ತಾರ ಎಂದಲ್ಲದೆ ಇನ್ನೊಂದು ಹೆಸರಿನಿಂದ ಕರೆದವನಲ್ಲ. ತಮಾಷೆಗೆ ಬಹುವಚನ ಹಚ್ಚುತ್ತಿದ್ದಾನೆ ಎಂದುಕೊಂಡು ಮುಖದಲ್ಲಿ ನಗು ಹುಡುಕಿದ. ನಗು ಇರಲಿಲ್ಲ. ಮುನಿಸೂ ಇರಲಿಲ್ಲ.

"ಚಾ ಕುಡೀತೀರಾ? ಸಕ್ಕರೆ ಹಾಕ್ಲಿಕ್ಕುಂಟಾ?"

ತಾರಾನಾಥನಿಗೆ ಚಾಕ್ಕೆ ಸಕ್ಕರೆ ಜಾಸ್ತಿ ಬೇಕೆಂದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು. ಅದಕ್ಕಾಗಿ ಅತ್ತಿಗೆ ಬೈದು ಬೈದೇ ಹಾಕುತ್ತಿದ್ದಳು.

"ಹಾಕಿ," ಎಂದ. ಅವನ ಬಾಯಲ್ಲೂ ಬಹುವಚನವೇ ಬಂತು.

ಚಾ ಬಂತು. ಇಬ್ಬರೂ ಬೀದಿ ನೋಡುತ್ತಾ ಕೂತರು.

"ಅಣ್ಣ, ಅತ್ತಿಗೆ ಹೋದಾಗ ನಾನು ಬರ್ಲಿಲ್ಲ."

"ಹೌದು. ಆ ದಿನ ಮಳೆ ಜೋರಿತ್ತು."

"ಮಳೆಗೆ ಹೆದರಿ ಅಲ್ಲ."

"ಗೊತ್ತುಂಟು. ವ್ರತ ಇತ್ತಂತೆ. ದೋಣಿಯವ ಹೇಳಿದ."

"ನನ್ನ ಮೇಲೆ ಸಿಟ್ಟು ಉಂಟಾ?"

ಸಂಜೀವ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಯೋಚಿಸಿದ. ಸುಳ್ಳು ಹೇಳುವ ಜನ ಅಲ್ಲ.

"ಇತ್ತು. ಬರ್ಲಿ, ಬಾಗಿಲಲ್ಲೇ ಕೆನ್ನೆಗೆ ಎರಡು ಬಾರಿಸ್ತೇನೆ ಅಂತ ಕಾದದ್ದುಂಟು. ತುಂಬ ದಿನ ಕಾದೆ." ಹಗ್ಗದ ತುದಿಯನ್ನು ಗಂಟು ಹಾಕಿ ಪಕ್ಕಕ್ಕಿಟ್ಟ. "ಈಗ ಎಂತದೂ ಇಲ್ಲ."

ಅಷ್ಟರಲ್ಲಿ ಯಾರೋ ಗಿರಾಕಿ ಬಂದ. ಸಂಜೀವ ಅವನಿಗೆ ಬಲೆ ತೋರಿಸಲು ಎದ್ದ.  ತಾರಾನಾಥ ಲೋಟ ಕೆಳಗಿಟ್ಟು ಹೊರಟ.

"ಬರ್ತಾ ಇರಿ," ಎಂದ ಸಂಜೀವ. ಗಿರಾಕಿಗಳಿಗೆಲ್ಲ ಹೇಳುವ ಮಾತು.

ತಾರಾನಾಥ ಕುದ್ರುವಿಗೆ ಮರಳಿದಾಗ ಹಗಲು ಕಂದುತ್ತಿತ್ತು. ಕುದ್ರುವಿನ ಕೊನೆಗೆ ಹೋಗಲಿಲ್ಲ. ಅತ್ತ ತಿರುಗಿಯೂ ನೋಡಲಿಲ್ಲ.

ಜಗಲಿಯಲ್ಲಿ ಗುರುಗಳು ಸತ್ತ ಬ್ಯಾಟರಿಗೆ ಶುದ್ಧ ನೀರು ಎರೆದು ಚಾರ್ಜರಿಗೆ ಸಿಕ್ಕಿಸಿದ್ದರು. ಕರೆಂಟನ್ನು ತೀರಾ ಕಡಿಮೆಗೆ ಇಟ್ಟಿದ್ದರು. ಚಾರ್ಜರಿನ ಮುಳ್ಳು ಅಲುಗಿದ್ದು ಕಂಡೂ ಕಾಣದ ಹಾಗಿತ್ತು.

ತಾರಾನಾಥ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಹೇಳಿದ. ಐಸಿನವರ ಬಲ್ಬನ್ನೂ ಬಿಡಲಿಲ್ಲ.

"ಸಿಟ್ಟಿದ್ದಿದ್ದರೆ ಕಾಲು ಹಿಡಿಯುತ್ತಿದ್ದೆ ಗುರುಗಳೇ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಸಿಟ್ಟೇ ಇಲ್ಲ. ಎದ್ದು ನಿಂತು ಬನ್ನಿ ಅಂದ." ಈಗ ಅವನಿಗೆ ಅಳು ತಡೆಯಲಾಗಲಿಲ್ಲ. "ಎಲ್ಲ ಹಾಗೇ ಇರುತ್ತದೆ ಅಂದುಕೊಂಡಿದ್ದೆ."

ಗುರುಗಳು ಅವನ ಅಳು ಮುಗಿಯುವವರೆಗೆ ಅಲ್ಲೇ ಕೂತಿದ್ದರು. ಈ ಸಲ ಬಿಂದಿಗೆ ತೊಳೆಯಲು ಹೋಗಲಿಲ್ಲ.

ಆಮೇಲೆ ತಾರಾನಾಥ ಬ್ಯಾಟರಿಯ ಕಡೆ ನೋಡಿದ.

"ಇದು ಇನ್ನು ಚಾರ್ಜು ಹಿಡಿಯುತ್ತದೆಯೇ?"

"ಮೊದಲಿನಷ್ಟು ಹಿಡಿಯುವುದಿಲ್ಲ."

"ಸ್ವಲ್ಪ?"

"ಹೇಳಲಿಕ್ಕಾಗುವುದಿಲ್ಲ. ಕೆಲವು ಹಿಡಿಯುತ್ತವೆ. ಕೆಲವು ಬಿಸಿಯಾಗಿ ಹಾಗೇ ಹೋಗುತ್ತವೆ."

"ಕರೆಂಟು ಜಾಸ್ತಿ ಕೊಟ್ಟರೆ? ಬೇಗ ಆಗುವುದಿಲ್ಲವೇ?"

"ಒಡೆಯುತ್ತದೆ."

"ಎಷ್ಟು ದಿನ ಹೀಗೆ ಇಡುವುದು?"

 ಗುರುಗಳು ಬ್ಯಾಟರಿಯ ಮೈ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

"ಅಣ್ಣ ಚಾ ಕೊಟ್ಟ ಅಂದೆಯಲ್ಲ."

"ಕೊಟ್ಟ."

"ಕುಡಿದೆಯಾ?"

"ಅರ್ಧ ಕುಡಿದೆ. ಇಳಿಯಲಿಲ್ಲ. ಅಲ್ಲೇ ಬಿಟ್ಟು ಬಂದೆ."

"ನಾಳೆ ಹೋಗಿ ಪೂರ್ತಿ ಕುಡಿದು ಬಾ."