ಅರಮನೆಯ ಒಂದೇ ಒರಳು

ಅರಸರಿಗೆ ಕೆಲಸ ಕಡಿಮೆಯಾದಾಗಲೆಲ್ಲ ಯುದ್ಧ ನೆನಪಾಗುತ್ತಿದ್ದ ಕಾಲವದು. ಒಬ್ಬ ಅರಸ ಪಕ್ಕದ ಸೀಮೆಯ ಅರಸನನ್ನು ಕರೆಸಿಕೊಂಡ. "ಬದುಕಿದರೂ ಒಟ್ಟಿಗೆ, ಸತ್ತರೂ ಒಟ್ಟಿಗೆ" ಎಂದು ಇಬ್ಬರೂ ಆಣೆ ಮಾಡಿದರು. ಹೊಳೆಯಾಚೆಯ ಊರಿನ ಮೇಲೆ ಕೂಡಿ ಬೀಳುವುದೆಂದು ಮಾತಾಯಿತು. ಅದಕ್ಕೆಂದು ಆಸ್ಥಾನದ ಪಂಡಿತ ಒಂದು ವಿಷದ ಬೇರು ಕಂಡುಹಿಡಿದ.

ಬೇರನ್ನು ತಂದು ಅಡುಗೆಯ ಸಾತಮ್ಮನ ಮುಂದಿಟ್ಟ. "ನುಣ್ಣಗೆ ರುಬ್ಬಿಡು. ಆಚೆಯವರ ಬಾವಿಗೆ ಹಾಕಬೇಕು. ಆಗಲ್ಲ ಅಂದರೆ ನಾಳೆಯಿಂದ ಬರಬೇಡ."

"ಆ ನೀರು ಮಕ್ಕಳೂ ಕುಡೀತಾರಲ್ಲ, ಪಂಡಿತರೇ?"

"ಕಂಡುಹಿಡಿಯುವುದಷ್ಟೇ ನನ್ನ ಕೆಲಸ. ಯಾರ ಹೊಟ್ಟೆಗೆ ಹೋಗುತ್ತದೋ ನನಗೆ ಸಂಬಂಧವಿಲ್ಲ."

ಸಾತಮ್ಮ ಬೇರನ್ನು ಸೆರಗಿಗೆ ಕಟ್ಟಿಕೊಂಡು ಒರಳಿನತ್ತ ನಡೆದಳು.

ಮಧ್ಯಾಹ್ನ ಅರಸರಿಬ್ಬರೂ ಪಂಡಿತನೂ ಊಟಕ್ಕೆ ಕೂತರು. ಸಾತಮ್ಮ ಎಲೆಯ ತುದಿಗೆ ಕೊತ್ತಂಬರಿ ಚಟ್ನಿ ಬಡಿಸಿದಳು.

"ಬೇರಿನ ಕೆಲಸ ಏನಾಯಿತು?" ಎಂದ ಪಂಡಿತ.

"ಅರಮನೆಗೆ ಇರೋದು ಒಂದೇ ಒರಳು. ಬೇರೂ ಅದರಲ್ಲೇ, ಚಟ್ನೀನೂ ಅದರಲ್ಲೇ."

ಮೂವರ ಕೈಯೂ ಎಲೆಯ ಮೇಲೆ ನಿಂತಿತು. ಅರಸ ಗೆಳೆಯನತ್ತ ತಿರುಗಿ, "ಅತಿಥಿಗಳು ಮೊದಲು" ಎಂದ. "ಮನೆಯ ಯಜಮಾನರು ರುಚಿ ನೋಡದೆ ಹೇಗೆ?" ಎಂದ ಗೆಳೆಯ. ಇಬ್ಬರೂ ಪಂಡಿತನನ್ನು ನೋಡಿದರು. ಅವನಿಗೆ ಅಷ್ಟರಲ್ಲಿ ಅಂದು ಏಕಾದಶಿಯೆಂದು ನೆನಪಾಗಿತ್ತು.

"ನಮ್ಮನ್ನೇ ಕೊಲ್ಲುತ್ತೀಯೇನೇ?" ಎಂದ ಅರಸ.

"ರುಬ್ಬೋದಷ್ಟೇ ನನ್ನ ಕೆಲಸ, ಮಹಾಸ್ವಾಮಿ. ಯಾರ ಹೊಟ್ಟೆಗೆ ಹೋಗುತ್ತೋ ನನಗೆ ಸಂಬಂಧವಿಲ್ಲ. ಪಂಡಿತರೇ ಹೇಳಿಕೊಟ್ಟದ್ದು."

ಸಾತಮ್ಮ ಸೆರಗಿನ ಗಂಟು ಬಿಚ್ಚಿ ಇಡೀ ಬೇರನ್ನು ತೋರಿಸಿದಳು. "ಇನ್ನೂ ಒರಳಿಗೆ ಹಾಕಿಲ್ಲ. ಹಾಕಲಾ?"

"ಗುಂಡಿ ತೋಡಿ ಹೂತುಬಿಡು" ಎಂದರು ಅರಸರಿಬ್ಬರೂ ಒಟ್ಟಿಗೆ. ಆಮೇಲೆ ಚಟ್ನಿಯನ್ನು ಎರಡೆರಡು ಸಲ ಬಡಿಸಿಕೊಂಡರು.

ಪಂಡಿತ ಮಾತ್ರ ಏಕಾದಶಿ ಮುರಿಯುವಂತಿರಲಿಲ್ಲ.